ಐದನೆಯ ಕೈ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವ ಯೋಗ್ಯತೆ ನನಗಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಬರೆದದ್ದು ಎರಡೇ ಬಗೆ: ವಿಮಾನದಲ್ಲಿ ಬಂದಿಳಿದ ಸರಕನ್ನು ಬಿಡಿಸಿಕೊಳ್ಳುವ ಕಾಗದಪತ್ರ, ಮತ್ತು ನೈರೋಬಿಯ ನಮ್ಮ ಕನ್ನಡ ಸಭೆಯ ನಡಾವಳಿ. ನಡಾವಳಿಯಲ್ಲಿ ‘ನಾನು’ ಎಂಬ ಪದ ಬರುವುದಿಲ್ಲ; ಬರೆಯುವವನೂ ತನ್ನನ್ನು ‘ಕಾರ್ಯದರ್ಶಿಗಳು’ ಎಂದೇ ಬರೆದುಕೊಳ್ಳುತ್ತಾನೆ. ಆ ಅಭ್ಯಾಸ ಬಿಡಲಾಗದೆ ಇಲ್ಲಿಯೂ ನನ್ನನ್ನು ನಾನು ಸೂರ್ಯನಾರಾಯಣ ಎಂದೇ ಕರೆದಿದ್ದೇನೆ. ದೂರ ನಿಂತರೆ ಸರಿಯಾಗಿ ಕಾಣುತ್ತದೆ ಎಂದುಕೊಂಡೆ. ದೂರ ನಿಂತರೆ ತಪ್ಪು ಚಿಕ್ಕದಾಗಿಯೂ ಕಾಣುತ್ತದೆ ಎಂದು ಆಮೇಲೆ ಹೊಳೆಯಿತು. ಆದರೂ ಬದಲಾಯಿಸಲಿಲ್ಲ. ಓದುವವರು ಮನ್ನಿಸಬೇಕು.

ಎರಡು ಸಾವಿರದ ಹದಿನೈದರ ಸೆಪ್ಟೆಂಬರಿನ ಆ ಶನಿವಾರ ಎಂಬಕಸಿಯ ಆಫೀಸು ಹನ್ನೆರಡೂವರೆಗೆ ಖಾಲಿಯಾಯಿತು. ಸೂರ್ಯನಾರಾಯಣ ಮಾತ್ರ ಉಳಿದ. ಟಿಫಿನ್ ಡಬ್ಬಿಯನ್ನು ಬದಿಗೆ ಸರಿಸಿ, ಮೇಜಿನ ಮೇಲೆ ಬಿದ್ದಿದ್ದ ಅನ್ನದ ಅಗುಳನ್ನು ಒದ್ದೆ ಕಾಗದದಿಂದ ಒರೆಸಿ, ಮತ್ತೆ ಒಣ ಕಾಗದದಿಂದ ಒರೆಸಿ, ಚೀಲದಿಂದ ಸಭೆಯ ನಡಾವಳಿ ಪುಸ್ತಕವನ್ನು ಹೊರತೆಗೆದ. ನೀಲಿ ರಟ್ಟಿನ ಭಾರವಾದ ಪುಸ್ತಕ. ನಾಲ್ಕು ಗಂಟೆಗೆ ಪಾರ್ಕ್‌ಲ್ಯಾಂಡ್ಸ್‌ನ ಸಭಾಭವನದಲ್ಲಿ ಕಾರ್ಯಕಾರಿ ಸಮಿತಿ ಸೇರುವುದಿತ್ತು. ನಡಾವಳಿಯನ್ನು ಸಭೆಗೆ ಮುಂಚೆಯೇ ಬರೆದಿಡುವುದು ಅವನ ಪದ್ಧತಿ. ಅವನ ಹಿಂದಿನ ಕಾರ್ಯದರ್ಶಿಗಳದ್ದೂ ಅದೇ. ಹಾಜರಿದ್ದವರ, ಸೂಚಿಸಿದವರ, ಅನುಮೋದಿಸಿದವರ ಹೆಸರಿಗೆ ಖಾಲಿ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಶಾಯಿಯಲ್ಲಿ ಬರೆದುಬಿಟ್ಟರೆ, ಮಾತು ಮುಗಿದೊಡನೆ ಎಲ್ಲರೂ ರುಜು ಹಾಕಿ ತಿಂಡಿಗೆ ಏಳಬಹುದು. ‘ಅಧ್ಯಕ್ಷರು ಎಲ್ಲರನ್ನೂ ಸ್ವಾಗತಿಸಿದರು.’ ‘ವಿಷಯವನ್ನು ಕೂಲಂಕಷವಾಗಿ ಚರ್ಚಿಸಲಾಯಿತು.’ ‘ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯವಾಯಿತು.’ ಹೇಗೂ ಆಗುವುದನ್ನು ಮೊದಲೇ ಬರೆದರೆ ತಪ್ಪೇನು? ಮಗಳು ವರ್ಷಿಣಿ ಒಮ್ಮೆ ಇದನ್ನು ನೋಡಿ, “ಪಪ್ಪಾ, ದಿ ಮೀಟಿಂಗ್ ಹ್ಯಾಸಂಟ್ ಈವನ್ ಹ್ಯಾಪನ್ಡ್! ಯು ಥ್ಯಾಂಕ್ಡ್ ದೆಮ್ ಆಲ್ರೆಡಿ?” ಎಂದು ಬಿದ್ದು ಬಿದ್ದು ನಕ್ಕಿದ್ದಳು. “ಬಂದೇ ಬರ್ತಾರಲ್ಲಮ್ಮ,” ಎಂದಿದ್ದ ಅವನು.

ಈ ಸಲದ ಮೂರನೆಯ ವಿಷಯ ಮಾತ್ರ ಹಾಗೆ ಬರೆದುಬಿಡುವಂಥದ್ದಾಗಿರಲಿಲ್ಲ. ಅವನು ಪುಟ ನೂರ ಹದಿನೆಂಟನ್ನು ತೆರೆದ. ಆರು ವರ್ಷ ಹಿಂದಿನ ಅವನದೇ ಅಕ್ಷರ, ಈಗಿನದಕ್ಕಿಂತ ಸ್ವಲ್ಪ ದುಂಡಗೆ: ‘ಸಭಾಭವನದ ಕಾವಲು ಹಾಗೂ ಶುಚಿತ್ವದ ಕೆಲಸ ಮಾಡುತ್ತಿರುವ ಶ್ರೀಮತಿ ಮುಂಬುವಾ ಅವರಿಗೆ ದೀಪಾವಳಿ ಸಂತರ್ಪಣೆಯಂದು ಆಕಸ್ಮಿಕವಾಗಿ ಆದ ಸುಟ್ಟಗಾಯದ ಹಿನ್ನೆಲೆಯಲ್ಲಿ, ಆಕೆ ಬಯಸುವವರೆಗೂ ಭವನದ ಹಿಂದಿನ ಕೋಣೆಯಲ್ಲಿ ವಾಸಿಸುವ ಹಕ್ಕು ಆಕೆಗೆ ಇರತಕ್ಕದ್ದೆಂದು ನಿರ್ಣಯಿಸಲಾಯಿತು.’ ಹೊಸ ಅಧ್ಯಕ್ಷ ಕೃಷ್ಣಪ್ರಸಾದರಿಗೆ ಆ ಕೋಣೆ ಬೇಕಾಗಿತ್ತು. ಕೋಣೆಯನ್ನು ಕೆಡವಿ, ಬೆಂಗಳೂರಿನಿಂದ ಕಂಪನಿಗಳ ಕೆಲಸಕ್ಕೆ ಹೊಸದಾಗಿ ಬಂದಿಳಿಯುವವರಿಗೆ ಮನೆ ಸಿಗುವವರೆಗೆ ತಂಗಲು ಒಂದು ಉದ್ದನೆಯ ಹಾಲ್ ಕಟ್ಟಿಸುವ ಯೋಜನೆ. ಸದಸ್ಯರಿಗೆಲ್ಲ ಬಹಳ ಇಷ್ಟವಾದ ಯೋಜನೆ. ಆದರೆ ಸಭೆಯ ನಿಯಮಾವಳಿಯಂತೆ ಹಳೆಯ ನಿರ್ಣಯವೊಂದನ್ನು ತೆಗೆದುಹಾಕಲು ಸಮಿತಿಯ ಏಳು ಜನರಲ್ಲಿ ಐದು ಕೈ ಏಳಬೇಕು. ಅಧ್ಯಕ್ಷರದ್ದು, ಅವರ ಜೊತೆಯವರಾದ ಗೋಪಿನಾಥ್, ಪ್ರಶಾಂತ್, ಹರ್ಷ, ಹೀಗೆ ನಾಲ್ಕು. ಕಾತ್ಯಾಯಿನಿ ಮೇಡಂ ಮತ್ತು ಫ್ರೆಡ್ರಿಕ್ ಎತ್ತುವುದಿಲ್ಲವೆಂದು ಮೊದಲೇ ಹೇಳಿದ್ದರು. ಉಳಿದವನು ಸೂರ್ಯನಾರಾಯಣ. ಅವನು ಎತ್ತಿದರೆ ಮುಂಬುವಾ ಹೋಗಬೇಕು, ಎತ್ತದಿದ್ದರೆ ಇರಬಹುದು. ಗುರುವಾರ ಅಧ್ಯಕ್ಷರು ಫೋನು ಮಾಡಿದಾಗ ಎತ್ತುತ್ತೀರಾ ಎಂದು ಕೇಳಲೂ ಇಲ್ಲ. ಅದು ಅವನನ್ನು ಎರಡು ದಿನದಿಂದ ಕೊರೆಯುತ್ತಿತ್ತು. “ಗುರುಗಳೇ, ಆ ಹಳೇ ನಿರ್ಣಯ ಇದ್ಯಲ್ಲ, ಅದನ್ನ ಬುಕ್ಕಿಂದ ಎತ್ತಾಕೋದು ಹೆಂಗೆ ಅಂತ ನೋಡಿಟ್ಕೊಳಿ. ಹರಿದ್ರೂ ಆಗತ್ತಾ?” “ಹರಿಯೋಕೆ ಬರಲ್ಲ ಸರ್, ಪುಟಕ್ಕೆ ನಂಬರ್ ಇದೆ.” “ನಿಮಗೆ ಬಿಟ್ಟಿದ್ದು. ನೀವು ಹಿಸ್ಟರಿ ಓದ್ತಿರೋರು!”

ಅದು ನಿಜ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಪೇಟೆಯ ಒಂದು ಕಾಲೇಜಿನ ಮೂರನೆಯ ಮಹಡಿಯಲ್ಲಿ ವಾರಕ್ಕೆ ಎರಡು ಸಂಜೆ ಬಿಎ ತರಗತಿಗೆ ಹೋಗುತ್ತಿದ್ದ. ಬ್ಯಾಂಕಿನ ಗುಮಾಸ್ತರು, ಇಬ್ಬರು ಪೊಲೀಸರು, ಒಬ್ಬ ನರ್ಸು. ಎಲ್ಲರೂ ಅವನನ್ನು ‘ಮ್ಜೇ’ ಎಂದು, ಹಿರಿಯರೇ ಎಂದು, ಕರೆದು ಕುರ್ಚಿ ಬಿಟ್ಟುಕೊಡುತ್ತಿದ್ದರು. ಆ ಅವಧಿಗೆ ಇದ್ದದ್ದು ಅಮೆರಿಕದ ಇತಿಹಾಸ. ಅಲ್ಲಿಯ ಏಳನೆಯ ಅಧ್ಯಕ್ಷ ಆಂಡ್ರೂ ಜಾಕ್ಸನ್ ಬಗ್ಗೆ ಪಾಠ ಮಾಡುವಾಗ ಡಾಕ್ಟರ್ ನ್ಯಾಬೋಕೆ ಎಂಬ ಅಧ್ಯಾಪಕಿ ಒಂದು ಫೋಟೋಕಾಪಿ ಹಂಚಿದ್ದರು. ಬ್ಯಾಂಕಿನ ವಿಷಯವಾಗಿ ಜಗಳವಾಡಿ ಸೆನೆಟ್ ಒಮ್ಮೆ ಆ ಅಧ್ಯಕ್ಷನನ್ನು ಖಂಡಿಸಿ ನಿರ್ಣಯ ಮಾಡಿತ್ತು. ಮೂರು ವರ್ಷದ ನಂತರ ಅವನ ಕಡೆಯವರಿಗೆ ಬಹುಮತ ಬಂತು. ಆ ಖಂಡನೆ ಪುಸ್ತಕದಲ್ಲಿ ಇರಕೂಡದು ಎಂದರು. ಪುಟ ಹರಿಯಲಿಲ್ಲ. ಸೆನೆಟ್ಟಿನ ಕಾರ್ಯದರ್ಶಿ ಮೂಲ ಪುಸ್ತಕವನ್ನು ತಂದು, ಎಲ್ಲರೆದುರು ಆ ನಿರ್ಣಯದ ಸುತ್ತ ದಪ್ಪನೆಯ ಕಪ್ಪು ಗೆರೆ ಎಳೆದು, ಮೇಲೆ ಅಡ್ಡಲಾಗಿ ‘ಸೆನೆಟ್ಟಿನ ಆದೇಶದಂತೆ ತೆಗೆದುಹಾಕಲಾಗಿದೆ’ ಎಂದು ಬರೆದ. ಒಳಗಿನ ಅಕ್ಷರ ಇವತ್ತಿಗೂ ಓದಲು ಬರುತ್ತದೆ. ತರಗತಿಯಲ್ಲಿ ಎಲ್ಲರೂ ನಕ್ಕರು. ಸೂರ್ಯನಾರಾಯಣ ನಗಲಿಲ್ಲ, ಅವನು ಗೆರೆಗಳನ್ನು ನೋಡುತ್ತಿದ್ದ. ಆ ಕಾರ್ಯದರ್ಶಿ ಸ್ಕೇಲು ಇಟ್ಟುಕೊಂಡು ಎಳೆದನೋ, ಹಾಗೆಯೇ ಎಳೆದನೋ? ಸುತ್ತ ಅಷ್ಟು ಜನ ನಿಂತು ನೋಡುವಾಗ ಕೈ ನಡುಗಿತೋ? ಕೇಳಬೇಕೆನಿಸಿತು, ಕೇಳಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಅದು.

ಆ ಜಾಕ್ಸನ್ ಅವನಿಗೆ ಹಿಡಿಸಿದ್ದ. ಹದಿನಾಲ್ಕಕ್ಕೇ ತಬ್ಬಲಿಯಾದವನು, ಹೆಚ್ಚು ಓದದವನು, ದೊಡ್ಡ ಮನೆತನಗಳವರೇ ಕೂತ ಕುರ್ಚಿಗೆ ಗಡಿಸೀಮೆಯಿಂದ ಬಂದು ಕೂತವನು. ಅಧಿಕಾರ ಹಿಡಿದ ದಿನ ಜನ ಅವನ ಹಿಂದೆಯೇ ಅಧ್ಯಕ್ಷರ ಭವನಕ್ಕೆ ನುಗ್ಗಿ, ಕೆಸರುಗಾಲಿನಲ್ಲಿ ಕುರ್ಚಿ ಹತ್ತಿ, ಪಿಂಗಾಣಿ ಒಡೆದು, ಕೊನೆಗೆ ಪಾನಕದ ಹಂಡೆಗಳನ್ನು ಹುಲ್ಲಿನ ಮೇಲೆ ಇಟ್ಟು ಅವರನ್ನು ಹೊರಗೆಳೆಯಬೇಕಾಯಿತಂತೆ. ಅದನ್ನು ಕೇಳಿದಾಗ ಮಾತ್ರ ಅವನು ತರಗತಿಯಲ್ಲಿ ಒಬ್ಬನೇ ಜೋರಾಗಿ ನಕ್ಕುಬಿಟ್ಟ. ಕೃಷ್ಣಪ್ರಸಾದರು ಗೆದ್ದ ಭಾನುವಾರ ಕಿಲೆಲೆಶ್ವಾದ ಅವರ ಫ್ಲ್ಯಾಟಿಗೆ ಇನ್ನೂರು ಜನ ಬಂದಿದ್ದರು, ಸೋಫಾದ ಮೇಲೆ ನಿಂತವರು, ಬಾಲ್ಕನಿಯಲ್ಲಿ ಜೋತುಬಿದ್ದವರು, ಸೂರ್ಯನಾರಾಯಣನ ಹೆಂಡತಿ ಗಿರಿಜಾಳ ಕಾಲನ್ನು ಯಾರೋ ತುಳಿದರು, ಗಾಜಿನ ಬಟ್ಟಲು ಒಡೆಯಿತು, ಕೊನೆಗೆ ಕೃಷ್ಣಪ್ರಸಾದರೇ ಪಾಯಸದ ಪಾತ್ರೆಯನ್ನು ಲಿಫ್ಟಿನಲ್ಲಿ ಇಳಿಸಿ, ಕಾರು ನಿಲ್ಲಿಸುವಲ್ಲಿ ಸೌಟು ಹಿಡಿದು ನಿಂತು, “ಬನ್ರೋ, ಇಲ್ಲಿ ಬನ್ನಿ, ಭವನ ಎಲ್ಲರದು, ಪಾಯಸನೂ ಎಲ್ಲರದು!” ಎಂದು ಕೂಗಿದ್ದರು. ಅದಕ್ಕೆ ಮುಂಚೆ ಆಜೀವ ಸದಸ್ಯರಿಗೆ ಮಾತ್ರ ಮತವಿತ್ತು. ಹಳೆಯ ಬ್ಯಾಂಕಿನವರು, ಡಾಕ್ಟರುಗಳು, ಕಾತ್ಯಾಯಿನಿ ಮೇಡಂ ಅಂಥವರು. ಹೋರಾಡಿ, ಕಳೆದ ತಿಂಗಳು ಬಂದವರಿಗೂ ಮತ ಕೊಡಿಸಿದವರು ಕೃಷ್ಣಪ್ರಸಾದರು. ಗೆದ್ದಮೇಲೆ ಹಳಬರನ್ನೆಲ್ಲ ಹುದ್ದೆಗಳಿಂದ ಇಳಿಸಿದರು. “ಸರದಿ ಎಲ್ಲರಿಗೂ ಬರಬೇಕಪ್ಪ,” ಎಂದರು. ಹುದ್ದೆಯಲ್ಲಿ ಉಳಿಸಿಕೊಂಡದ್ದು ಸೂರ್ಯನಾರಾಯಣನೊಬ್ಬನನ್ನು. ಯುಗಾದಿಯ ದಿನ ಅವನನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಮೈಕಿನಲ್ಲಿ ಹೇಳಿದರು: “ಇವರು ಹದಿನಾರು ವರ್ಷ ಬಾಗಿಲಲ್ಲಿ ನಿಂತು ಊಟದ ಚೀಟಿ ಹರಿದೋರು. ಇವರ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು, ಕೈ ಎತ್ತಿ?” ಯಾರೂ ಎತ್ತಲಿಲ್ಲ. ಅವಮಾನವೂ ಆಯಿತು, ಕಣ್ಣೀರೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಯಾವುದಕ್ಕೆ ಯಾವುದೆಂದು ತಿಳಿಯಲಿಲ್ಲ. ಆ ವಾರವೇ ಅವನು ಪ್ರಬಂಧ ಬರೆದು ಕೊಟ್ಟ, ‘ಜನರ ಅಧ್ಯಕ್ಷ’ ಎಂಬ ತಲೆಬರಹದಲ್ಲಿ. ಡಾಕ್ಟರ್ ನ್ಯಾಬೋಕೆ ತಲೆಬರಹದ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಎರಡು ಪದ ಬರೆದಿದ್ದರು: ಯಾವ ಜನರ? ಕೆಳಗೆ, ಜಾಕ್ಸನ್ ಕಾಲದ ಕಾನೂನಿನಿಂದ ತಮ್ಮ ನೆಲ ಬಿಟ್ಟು ಪಶ್ಚಿಮಕ್ಕೆ ನಡೆಯಬೇಕಾಗಿ ಬಂದ ಮೂಲನಿವಾಸಿಗಳ ಬಗ್ಗೆ ನಿಮ್ಮ ಪ್ರಬಂಧದಲ್ಲಿ ಒಂದು ವಾಕ್ಯವೂ ಇಲ್ಲ, ಎಂದು. ಓದಿರಲಿಲ್ಲವೆಂದಲ್ಲ. ಓದಿದ್ದ, ಟಿಪ್ಪಣಿಯನ್ನೂ ಮಾಡಿಕೊಂಡಿದ್ದ. ಬರೆಯುವಾಗ ಪದಮಿತಿ ಮೀರುತ್ತದೆಂದು ಬಿಟ್ಟಿದ್ದ.

ಈಗ ಸ್ಟೀಲಿನ ಸ್ಕೇಲನ್ನು ನಿರ್ಣಯದ ಮೇಲಂಚಿಗೆ ಇಟ್ಟ. ಮೊದಲು ರದ್ದಿ ಕಾಗದದ ಮೇಲೆ ಮೂರು ಸಲ ಎಳೆದು ನೋಡಿದ್ದ. ಕಪ್ಪು ಶಾಯಿ ಅಂಚಿನಲ್ಲಿ ಹರಡದೆ ಬಂತು. ಹರಿಯುವುದಿಲ್ಲ, ಅಳಿಸುವುದಿಲ್ಲ, ಮುಚ್ಚುವುದೂ ಇಲ್ಲ. ಅಧ್ಯಕ್ಷರು ಹೇಳಿದಂತೆಯೂ ಆಯಿತು, ಮುಂಬುವಾಳ ಹೆಸರು ಪುಸ್ತಕದಲ್ಲಿ ಉಳಿದಂತೆಯೂ ಆಯಿತು ಎಂದುಕೊಂಡ. ಎಡಗಡೆಯ ಗೆರೆ ಎಳೆಯುವಾಗ ‘ಆಕಸ್ಮಿಕವಾಗಿ’ ಎಂಬ ಪದದ ಪಕ್ಕ ಕೈ ನಿಂತಿತು. ಆ ದೀಪಾವಳಿಗೆ ಗಿರಿಜಾ ತೆಗೆದುಕೊಟ್ಟ ರೇಷ್ಮೆ ಜುಬ್ಬ ತೊಟ್ಟಿದ್ದ. ಸಾಂಬಾರಿನ ಹಂಡೆಯನ್ನು ಅಡಿಗೆಮನೆಯಿಂದ ಹೊರಗೆ ಸಾಗಿಸಲು ಜನ ಸಾಲದೆ ಒಂದು ಕಡೆಯ ಹಿಡಿಬಳೆ ಅವನು ಹಿಡಿದ, ಇನ್ನೊಂದನ್ನು ಮುಂಬುವಾ. ಅಂಗಳದಲ್ಲಿ ಕಾತ್ಯಾಯಿನಿ ಮೇಡಂ ಯಾರೋ ಅತಿಥಿಗಳಿಗೆ ಸಭೆಯವರನ್ನು ಪರಿಚಯ ಮಾಡಿಕೊಡುತ್ತಿದ್ದರು. ಅವನ ಕಡೆ ನೋಡಿ, “ಅವ್ರಾ? ಅವ್ರು ಕ್ಲಿಯರಿಂಗ್ ಗುಮಾಸ್ತರು, ಹೆಲ್ಪ್ ಮಾಡ್ತಾರೆ,” ಎಂದರು. ಅಷ್ಟೆ. ಕೆಟ್ಟದಾಗಿಯೂ ಹೇಳಲಿಲ್ಲ. ಅವನ ಕೈ ತಾನಾಗಿ ಬಳೆ ಬಿಟ್ಟು, ಜಾರಿದ ಶಲ್ಯವನ್ನು ಹೆಗಲಿಗೆ ಏರಿಸಿಕೊಂಡಿತು. ಹಂಡೆ ಆ ಕಡೆ ವಾಲಿತು. ಅವಳು ಬಿಡಲಿಲ್ಲ, ಬಿಟ್ಟಿದ್ದರೆ ಕಾಲ ಮೇಲೆ ಬೀಳುತ್ತಿತ್ತೇನೋ. ಎಡಗೈ ಮೊಣಕೈವರೆಗೆ ಬೆಂದಿತು. ಆಮೇಲೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಉಳಿದವು. ಯಾರೂ ನೋಡಿರಲಿಲ್ಲ. ಹೇಗಾಯಿತೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಮಿತಿ ಕೂತಾಗ ಸಹಕಾರ್ಯದರ್ಶಿಯಾಗಿದ್ದ ಅವನೇ ‘ಆಕಸ್ಮಿಕವಾಗಿ’ ಎಂದು ಬರೆದ, ಬರೆದು ಒಪ್ಪಿಗೆಗೆ ಓದಿ ಹೇಳಿದ.

ಗೆರೆ ಪೂರ್ತಿಯಾಯಿತು. ಅಡ್ಡಲಾಗಿ ‘ಸಮಿತಿಯ ಆದೇಶದಂತೆ ತೆಗೆದುಹಾಕಲಾಗಿದೆ’ ಎಂದು ಬರೆದು, ಅಂದಿನ ತಾರೀಖು ಹಾಕಿ, ಅಭ್ಯಾಸದಂತೆ ಕೆಳಗೆ ರುಜು ಮಾಡಿದ. ಹೊಸ ಪುಟದ ನಡಾವಳಿಯಲ್ಲಿ ಎಲ್ಲರೂ ಬರೆಯುವ ‘ಸರ್ವಾನುಮತದಿಂದ’ ಎಂಬ ಪದವನ್ನು ಅವನು ಬರೆಯಲಿಲ್ಲ. ಅದು ಸುಳ್ಳಾಗುತ್ತಿತ್ತು. ‘ಐದು–ಎರಡು ಬಹುಮತದಿಂದ’ ಎಂದು ಬರೆದ. ತನ್ನ ಪ್ರಾಮಾಣಿಕತೆ ತನಗೇ ಹಿತವೆನಿಸಿತು. ಶಾಯಿ ಒಣಗಲೆಂದು ಊದುವಾಗ ಮಾತ್ರ ಐದು ಎಂಬ ಪದವನ್ನು ಮತ್ತೆ ನೋಡಿದ. ಯಾರು ಐದು?

ಮೊಂಬಾಸಾ ರಸ್ತೆಯ ವಾಹನಗಳ ಸಾಲಿನಲ್ಲಿ ಮಟಾಟು ವ್ಯಾನು ನಿಂತೇಬಿಟ್ಟಿತು. ಮುಂದಿನ ಸೀಟಿನ ಬೆನ್ನಿಗೆ ಮೊಣಕಾಲು ತಾಗಿ, ತೊಡೆಯ ಮೇಲೆ ಪುಸ್ತಕ, ಪಕ್ಕದಲ್ಲಿ ಕಿಟಕಿಗೆ ಒರಗಿ ನಿದ್ದೆ ಮಾಡುವ ಹೆಂಗಸು. ಸ್ಪೀಕರಿನ ಸದ್ದು ಸೀಟಿನ ಮೂಲಕ ಬೆನ್ನಿಗೆ ಬಡಿಯುತ್ತಿತ್ತು. ಇಳಿದು ನಡೆಯೋಣವೆಂದರೆ ಹಿಂದಿನ ಸಾಲಿನ ನಡುವಿನ ಸೀಟು. ಕಂಡಕ್ಟರ್ ಬಾಗಿಲಲ್ಲಿ ಜೋತುಕೊಂಡು ಪಕ್ಕದ ಮಟಾಟುವಿನವನ ಜೊತೆ ಹರಟುತ್ತಿದ್ದ. ಆ ಅರ್ಧ ಗಂಟೆಯಲ್ಲಿ ಸೂರ್ಯನಾರಾಯಣ ಎತ್ತುವುದಿಲ್ಲವೆಂದು ನಿರ್ಧರಿಸಿದ. ನಿರ್ಧಾರ ಬಂದದ್ದು ಧೈರ್ಯದಿಂದಲ್ಲ, ಸೆಖೆಯಿಂದ ಬಂದಂತೆ ಬಂತು. ಶರಟು ಬೆನ್ನಿಗೆ ಅಂಟಿತ್ತು, ಇನ್ನೊಂದು ಭಾರ ಹೊರಲಾರೆ ಎನಿಸಿತು. ಕಾತ್ಯಾಯಿನಿ ಮೇಡಂ ಜೊತೆ ನಿಂತಂತೆ ಆಗುತ್ತದೆ, ಆಗಲಿ. ಶಾಲು ಹೊದೆಸಿದವರಿಗೆ ದ್ರೋಹ, ಆಗಲಿ. ಗೆರೆಯ ವಿಷಯ? ಪುಸ್ತಕ ಯಾರು ತೆರೆಯುತ್ತಾರೆ, ಅದು ಅವನ ಕೈಯಲ್ಲೇ ಇರುತ್ತದೆ. ಸಭೆ ಮುಗಿದ ಮೇಲೆ ಕೆಳಗೆ ‘ಮೇಲಿನ ಗೆರೆಗಳನ್ನು ಕಾರ್ಯದರ್ಶಿಗಳು ತಪ್ಪು ತಿಳುವಳಿಕೆಯಿಂದ ಎಳೆದಿದ್ದು, ನಿರ್ಣಯವು ಊರ್ಜಿತದಲ್ಲಿದೆ’ ಎಂದು ಬರೆದರಾಯಿತು. ಆ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ತಿದ್ದಿದ. ‘ತಪ್ಪು ತಿಳುವಳಿಕೆಯಿಂದ’ ಬೇಡ, ‘ಅಚಾತುರ್ಯದಿಂದ’ ಇರಲಿ. ವಾಕ್ಯ ಸಿದ್ಧವಾದ ಮೇಲೆ ಆ ಕೆಲಸವೂ ಆಗಿಹೋದಂತೆ ಸಮಾಧಾನವಾಯಿತು. ಮಟಾಟುವೂ ಹೊರಟಿತು.

ಭವನದ ಹಿಂದೆ ಮುಂಬುವಾ ತನ್ನ ಸುಕುಮಾ ಸೊಪ್ಪಿನ ಪಾತಿಯಲ್ಲಿ ಬಗ್ಗಿದ್ದಳು. ಒಳ್ಳೆಯ ಕೈಯಿಂದ ಎಲೆ ಮುರಿದು ಇನ್ನೊಂದು ಕೈಯ ಸಂದಿಗೆ ಸೇರಿಸುತ್ತಿದ್ದಳು. ಅಂಟಿದ ಬೆರಳುಗಳು ಕಟ್ಟು ಹಿಡಿಯಲು ಹೇಳಿ ಮಾಡಿಸಿದಂತಿದ್ದವು. “ಕರಾನಿ, ಹಬಾರಿ?” ಎಂದಳು. ಕರಾನಿ ಎಂದರೆ ಬರೆಯುವವನು. ಹದಿನೇಳು ವರ್ಷದಲ್ಲಿ ಅವಳು ಅವನನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಅವನು ತನ್ನ ಹರಕು ಸ್ವಾಹಿಲಿಯಲ್ಲಿ ಚೆನ್ನಾಗಿದ್ದೇನೆ ಎಂದ. ಅವಳು ಕೋಣೆಯ ಮಾಡಿನ ಕಡೆ ತೋರಿಸಿದಳು. ತಗಡಿನ ಮೊಳೆ ಸಡಿಲವಾಗಿದೆ, ಮಳೆ ಬರುವುದರೊಳಗೆ ಬಡಿಸಬೇಕು. “ಇವತ್ತು ಕಮಾಟಿ ಸೇರುತ್ತದಲ್ಲ. ಪುಸ್ತಕದಲ್ಲಿ ಬರೆ,” ಎಂದಳು. “ಬಾಯಲ್ಲಿ ಹೇಳಿದ್ದು ಅವರಿಗೆ ಮರೆತುಹೋಗುತ್ತದೆ. ನೀನು ಬರೆದದ್ದು ಆಗುತ್ತದೆ.” ಅವನು ಸವಾ, ಆಯಿತು, ಎಂದ. ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದ.

“ಬನ್ನಿ ಬನ್ನಿ ಗುರುಗಳೇ!” ಎಂದರು ಕೃಷ್ಣಪ್ರಸಾದರು. “ನೀವಿಲ್ದೆ ಶುರು ಮಾಡಿದ್ರೆ ಅದು ಮೀಟಿಂಗೇ ಅಲ್ಲ, ಬರೀ ಹರಟೆ.” ಗೋಪಿನಾಥ್, ಪ್ರಶಾಂತ್, ಹರ್ಷ ಮೂವರೂ ಒಂದೇ ಸಾಲಿನಲ್ಲಿ ಕೂತು ನಕ್ಕರು. ಎದುರಿಗೆ ಕಾತ್ಯಾಯಿನಿ ಮೇಡಂ, ನಿವೃತ್ತರಾದರೂ ಶಾಲೆಯ ಟೀಚರಿನಂತೆ ನೆಟ್ಟಗೆ. ಅವರ ಪಕ್ಕದಲ್ಲಿ ಕಿರಿನ್ಯಾಗಾ ರಸ್ತೆಯಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟ ಫ್ರೆಡ್ರಿಕ್, ಉಗುರಿನ ಸಂದಿಯಲ್ಲಿ ಗ್ರೀಸು. ಮೊದಲ ಎರಡು ವಿಷಯ ಹತ್ತು ನಿಮಿಷದಲ್ಲಿ ಮುಗಿದವು. ಮೂರನೆಯದಕ್ಕೆ ಅಧ್ಯಕ್ಷರು ಎದ್ದು ನಿಂತರು. ಇಷ್ಟು ಕಡಿಮೆ ಜನರಿದ್ದರೂ ಅವರು ಎದ್ದೇ ಮಾತಾಡುವವರು.

“ನೋಡಿ, ನಿನ್ನೆ ಬಂದಿಳಿದ ನಮ್ ಹುಡುಗರು ಹೋಟ್ಲಲ್ಲಿ ಬ್ರೆಡ್ ತಿಂತಾ ಕೂತಿದಾರೆ. ನಮ್ಮ ಭವನ, ನಮ್ಮ ಜನಕ್ಕೆ ಜಾಗ ಇಲ್ಲ ಅಂದ್ರೆ ಹೆಂಗ್ರೀ? ನಾನು ಓಟ್ ಕೇಳುವಾಗ ಏನ್ ಪ್ರಾಮಿಸ್ ಮಾಡಿದ್ದೆ?”

“ಆ ಹೆಂಗಸು ಹದಿನೇಳು ವರ್ಷದಿಂದ ಇಲ್ಲಿ ಉಂಟು,” ಎಂದರು ಫ್ರೆಡ್ರಿಕ್. “ಕಂಪನಿಯವರು ಎರಡು ವರ್ಷಕ್ಕೆ ಬರುವುದು, ಹೋಗುವುದು. ಯಾರು ಮಾರಾಯ್ರೆ ನಮ್ಮ ಜನ? ನಾನು ಮನೆಯಲ್ಲಿ ಕೊಂಕಣಿ ಮಾತಾಡುವವ. ನಾಳೆ ನನ್ನನ್ನೂ ಕಳಿಸ್ತೀರಾ?”

“ಅಯ್ಯೋ ಫ್ರೆಡ್ಡಿ ಬಾಯ್, ನಿಮ್ಮನ್ನ ಕಳಿಸಿದ್ರೆ ನನ್ ಕಾರಿಗೆ ಬ್ರೇಕ್ ಪ್ಯಾಡ್ ಕೊಡೋರ್ಯಾರು?” ನಗು. “ಅವಳನ್ನೇನು ಬೀದಿಗೆ ಹಾಕ್ತಿಲ್ಲ. ಡಿಸೆಂಬರ್ ತನಕ ಟೈಮ್ ಕೊಡೋಣ. ಕಿಟುಯಿ ಕಡೆ ಊರಿದೆ ಅವಳಿಗೆ. ವಿಶಾಲವಾದ ಜಾಗ, ಅವರದೇ ಜನ. ನಿಜ ಹೇಳ್ಬೇಕಂದ್ರೆ ಅಲ್ಲೇ ಅವಳಿಗೆ ಆರಾಮು. ಅವಳ ಒಳ್ಳೇದಕ್ಕೇ.”

ಸೂರ್ಯನಾರಾಯಣ ಆ ಮಾತನ್ನು ಎಲ್ಲೋ ಓದಿದ್ದ. ಎಲ್ಲೋ ಏನು, ಫೋಟೋಕಾಪಿಯಲ್ಲಿ, ಮೂಲನಿವಾಸಿಗಳ ಬಗ್ಗೆ ಜಾಕ್ಸನ್ ಹೇಳಿದ್ದ ಮಾತಿಗೆ ತಾನೇ ಪೆನ್ಸಿಲ್ ಗೆರೆ ಎಳೆದ ಜಾಗದಲ್ಲಿ.

“ಊರಲ್ಲಿ ಯಾರೂ ಇಲ್ಲ ಅಂತ ಅವಳೇ ನನ್ಹತ್ರ ಹೇಳಿದಾಳೆ,” ಎಂದರು ಕಾತ್ಯಾಯಿನಿ ಮೇಡಂ. “ಮುಂಬುವಾ ಮದುವೆಯಾದ ಮನೆಯೋರು ಯಾವತ್ತೋ...” ಎನ್ನುವಷ್ಟರಲ್ಲಿ ಮುಂಬುವಾಳೇ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತನ್ನ ಹೆಸರು ಕೇಳಿ ನಿಂತಳು. ಕರೆದಿರೆಂದು ತಿಳಿದು ಒಬ್ಬೊಬ್ಬರ ಮುಖ ನೋಡಿದಳು. ಅವಳು ಸುತ್ತ ನಡೆದು, ಎಡ ಮೊಣಕೈಯ ಮೇಲೆ ಟ್ರೇ ಆನಿಸಿ, ಲೋಟಗಳನ್ನು ಒಂದೊಂದಾಗಿ ಇಟ್ಟಳು. ಏಳು ಜನರೂ ಏಳು ಸಲ ಅಸಾಂಟೆ ಎಂದು ಧನ್ಯವಾದ ಹೇಳಿದರು. ಕೃಷ್ಣಪ್ರಸಾದರದ್ದೇ ಎಲ್ಲರಿಗಿಂತ ಪ್ರೀತಿಯ ದನಿ. ಅವಳು ಹೋದ ಮೇಲೂ ಸ್ವಲ್ಪ ಹೊತ್ತು ಎಲ್ಲರೂ ಚಹಾ ಊದಿದರು.

“ಸರಿ, ಕೈ ಎತ್ತೋಣ,” ಎಂದರು ಅಧ್ಯಕ್ಷರು.

“ನಿಲ್ಲಿ,” ಎಂದರು ಫ್ರೆಡ್ರಿಕ್. “ಮೊದಲು ಆ ನಿರ್ಣಯ ಓದಿ. ಏನು ಮಾತು ಕೊಟ್ಟಿದ್ದೇವೆ ಅಂತ ಕೇಳಿದ ಮೇಲೆ ಎತ್ತಲಿ. ಯಾರು ಎತ್ತುತ್ತಾರೆ ನಾನೂ ನೋಡ್ತೇನೆ. ಓದಿ ಸೂರ್ಯಣ್ಣ.”

ಅವನು ಪುಸ್ತಕದ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ರಟ್ಟು ತಣ್ಣಗಿತ್ತು. ಬಾಯಿಪಾಠವಾಗಿಯೇ ಬರುತ್ತಿತ್ತು ಆ ನಿರ್ಣಯ, ತೆರೆಯದೆ ಹೇಳಿಬಿಡಬಹುದಿತ್ತು. “ಅದು... ಎಲ್ಲರಿಗೂ ಗೊತ್ತಿರೋದೇ ಅಲ್ವಾ,” ಎಂದ. ತನ್ನ ದನಿ ತನಗೇ ಅಧ್ಯಕ್ಷರ ಕಡೆಯವರ ದನಿಯಂತೆ ಕೇಳಿತು.

“ಕೊಡಿ ಇಲ್ಲಿ. ನನಗೂ ಕನ್ನಡ ಓದ್ಲಿಕ್ಕೆ ಬರ್ತದೆ.” ಫ್ರೆಡ್ರಿಕ್ ಮೇಜಿನಾಚೆಯಿಂದ ಬಾಗಿ ಪುಸ್ತಕವನ್ನು ಎಳೆದುಕೊಂಡರು. ಕೈ ಅಡ್ಡ ಇಟ್ಟಿದ್ದರೂ ಇಟ್ಟಂತಿರಲಿಲ್ಲ. ಪುಟ ಮಗುಚುವ ಸದ್ದು. ನೂರ ಹದಿನೆಂಟು. ಅವರ ತುಟಿ ಓದಲು ತೆರೆದದ್ದು ಹಾಗೆಯೇ ನಿಂತಿತು. ಅವರು ತಲೆಯೆತ್ತಿ ಸೂರ್ಯನಾರಾಯಣನನ್ನು ನೋಡಿದರು, ಮತ್ತೆ ಪುಟವನ್ನು ನೋಡಿದರು. ಕಾತ್ಯಾಯಿನಿ ಮೇಡಂ ಕನ್ನಡಕ ಏರಿಸಿ ಬಾಗಿ, “ತಾರೀಖು ಇವತ್ತಿಂದು,” ಎಂದರು ಮೆಲ್ಲಗೆ. “ರುಜುನೂ ಇದೆ.”

ಕೃಷ್ಣಪ್ರಸಾದರು ಸುತ್ತಿ ಬಂದು ಅವರ ಹೆಗಲ ಮೇಲಿಂದ ನೋಡಿದರು. ಒಂದು ಕ್ಷಣ ಅವರಿಗೂ ಅರ್ಥವಾಗಲಿಲ್ಲ. ಆಮೇಲೆ ಹೊಟ್ಟೆಯಿಂದ ನಗು ಬಂತು. “ಗುರುಗಳೇ! ನಾವಿನ್ನೂ ಕೈ ಎತ್ತಿಲ್ಲ, ನೀವಾಗ್ಲೇ ಗೆರೆ ಎಳ್ದು, ಸೈನ್ ಹಾಕಿ... ಸ್ಕೇಲಿಟ್ಕೊಂಡು ಎಳ್ದಿದಾರೆ ನೋಡ್ರಪ್ಪ, ಎಷ್ಟು ನೀಟಾಗಿ! ಇನ್ನು ಓಟ್ ಯಾಕೆ? ನಾವು ನಾಲ್ಕು, ಇವರದ್ದು ಲಿಖಿತ ರೂಪದಲ್ಲೇ ಇದೆ. ಐದು.”

“ಅದು ಡ್ರಾಫ್ಟ್ ಸರ್,” ಎಂದ ಸೂರ್ಯನಾರಾಯಣ. “ನಾನು ಯಾವಾಗ್ಲೂ ಮೊದ್ಲೇ...”

“ಡ್ರಾಫ್ಟಿಗೆ ಯಾರಾದ್ರೂ ರುಜು ಹಾಕ್ತಾರಾ ಗುರುಗಳೇ?” ಪ್ರೀತಿಯಿಂದಲೇ ಕೇಳಿದರು. ಬೆನ್ನು ತಟ್ಟಿದರು.

ಆಗ ಅವನು ಹೇಳಬಹುದಿತ್ತು. ವಾಕ್ಯ ಸಿದ್ಧವಾಗಿಯೇ ಇತ್ತು, ‘ಅಚಾತುರ್ಯದಿಂದ’ ಎಂಬ ಪದದ ಸಮೇತ. ಅದು ಬರೆಯುವ ವಾಕ್ಯ. ಬಾಯಿಯಿಂದ ಆಡುವುದು ಹೇಗೆಂದು ಅವನು ಯೋಚಿಸಿರಲಿಲ್ಲ. ಮೇಜಿನ ಸುತ್ತ ಆರು ಮುಖ. ಕೈ ತೊಡೆಯ ಮೇಲಿತ್ತು, ಭಾರವಾಗಿ, ಬೇರೆ ಯಾರದೋ ಕೈಯನ್ನು ಅಲ್ಲಿ ಇಟ್ಟು ಹೋದಂತೆ.

ಫ್ರೆಡ್ರಿಕ್ ಪುಸ್ತಕ ಮುಚ್ಚಿದರು. “ನಾನು ನಿಮ್ಮನ್ನು ನಂಬಿ ಬಂದದ್ದು ಸೂರ್ಯಣ್ಣ. ಇವರು ಐದು ಮಾಡ್ಲಿಕ್ಕೆ ನೀವು ಬಿಡ್ಲಿಕ್ಕಿಲ್ಲ ಅಂತ ಅಂಗಡಿ ಮುಚ್ಚಿ ಬಂದೆ.” ಎದ್ದರು. ಕಾತ್ಯಾಯಿನಿ ಮೇಡಂ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು, ಹೊಸ ಪುಟದಲ್ಲಿ ತಮ್ಮ ವಿರೋಧವಿದೆಯೆಂದು ಒಂದು ಸಾಲು ಬರೆದು ರುಜು ಮಾಡಿದರು. ಅದಕ್ಕೆ ಸ್ವಲ್ಪ ಮೇಲೆ ‘ಐದು–ಎರಡು’ ಎಂದಿದ್ದುದನ್ನು ಓದಿದರೆಂದು ಅವನಿಗೆ ಗೊತ್ತಾಯಿತು, ಯಾಕೆಂದರೆ ಅವರು ಅವನನ್ನು ಮೊದಲ ಸಲ, ಇಷ್ಟು ವರ್ಷಗಳಲ್ಲಿ, ಸರಿಯಾಗಿ ನೋಡಿದರು. “ನೀವು ಬಹಳ ಶಿಸ್ತಿನೋರು,” ಎಂದರು. ಯಾರೂ ಕೈ ಎತ್ತಲೇ ಇಲ್ಲ. ಬಿಸಿಬೇಳೆಬಾತು ಬಂದಿದೆ ಎಂದು ಅಷ್ಟರಲ್ಲಿ ಎದ್ದುಹೋಗಿದ್ದ ಹರ್ಷ ಹೊರಗಿನಿಂದ ಕೂಗಿದ.

ಸಮಿತಿಯ ತೀರ್ಮಾನವನ್ನು ಸಂಬಂಧಪಟ್ಟವರಿಗೆ ತಿಳಿಸುವುದು ಕಾರ್ಯದರ್ಶಿಗಳ ಕೆಲಸ. ಅವನು ಹಿಂದಕ್ಕೆ ಹೋದಾಗ ಅವಳು ನಲ್ಲಿಯ ಬಳಿ ಲೋಟ ತೊಳೆಯುತ್ತಿದ್ದಳು. ನೋಡಿದೊಡನೆ, “ಮಾಡಿನ ವಿಷಯ ಬರೆದೆಯಾ?” ಎಂದಳು. ಅವನು ಸ್ವಾಹಿಲಿಯಲ್ಲಿ ಹೇಳಿದ: ಡಿಸೆಂಬರ್. ಕೋಣೆ. ಹೊಸ ಕಟ್ಟಡ. ಕಮಾಟಿ. ಅವನಿಗೆ ಗೊತ್ತಿದ್ದ ಸ್ವಾಹಿಲಿಯಲ್ಲಿ ಇದನ್ನು ಮೃದುವಾಗಿ ಹೇಳುವ ಪದಗಳಿರಲಿಲ್ಲ. ಸಂತೆಯಲ್ಲಿ ಚೌಕಾಶಿ ಮಾಡಿದಂತೆ ತುಂಡು ತುಂಡಾಗಿ ಬಂತು. ಅವಳು ಕೊನೆಯವರೆಗೆ ಕೇಳಿದಳು. “ಆದರೆ ಪುಸ್ತಕದಲ್ಲಿ ಇದೆಯಲ್ಲ,” ಎಂದಳು. “ನೀನೇ ಬರೆದದ್ದು. ಅವತ್ತು ಓದಿ ಹೇಳಿದೆ.” ಅವನು ಇದೆ ಎಂದ. ಇದೆ, ಈಗಲೂ ಓದಲು ಬರುತ್ತದೆ ಎಂದ. ಅವಳಿಗೆ ಅದು ಅರ್ಥವಾಗಲಿಲ್ಲ, ಆಗುವಂಥದ್ದೂ ಅಲ್ಲ. ಪೋಲೆ, ಎಂದ ಕೊನೆಗೆ. ಇಲ್ಲಿ ಕಾಲು ತುಳಿದರೂ ಪೋಲೆ ಎನ್ನುತ್ತಾರೆ, ಸತ್ತರೂ ಪೋಲೆ ಎನ್ನುತ್ತಾರೆ. ಅವಳು ಸವಾ ಎಂದು ಉಳಿದ ಎರಡು ಲೋಟಗಳನ್ನು ತೊಳೆದಳು.

ಡಿಸೆಂಬರಿನ ಎರಡನೆಯ ವಾರ ಮುಂಬುವಾ ಹೋದಳು. ಅಂದು ಕೆಲಸದ ದಿನ. ನಾನು ರಜೆ ಹಾಕಬಹುದಿತ್ತು, ಹಾಕಲಿಲ್ಲ. ಕಿಟುಯಿಗೆ ಹೋದಳೆಂದು ಅಧ್ಯಕ್ಷರು ಹೇಳಿದರು, ನೈರೋಬಿಯ ಅಂಚಿನ ಗಿಥುರೈಯಲ್ಲಿ ಯಾರದೋ ಮನೆಯ ಹಿಂದೆ ಇದ್ದಾಳೆಂದು ಫ್ರೆಡ್ರಿಕ್ ಯಾರಿಗೋ ಹೇಳಿದರಂತೆ. ನನ್ನ ಜೊತೆ ಅವರು ಮಾತಾಡುವುದಿಲ್ಲ. ಹಂಡೆಯ ಬಳೆಯನ್ನು ನಾನು ಬಿಟ್ಟದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದ್ದೂ ಆಮೇಲಿನ ಆರು ವರ್ಷ ಅದೇ ದನಿಯಲ್ಲಿ ಕರಾನಿ ಎಂದಳೋ ಏನೋ. ಶಾಯಿಯಲ್ಲಿ ಗೆರೆ ಎಳೆದದ್ದು ಅಭ್ಯಾಸದಿಂದಲೋ, ‘ಆಕಸ್ಮಿಕವಾಗಿ’ ಎಂಬ ಆ ಒಂದು ಪದವನ್ನು ಮುಗಿಸಿಬಿಡಬೇಕೆಂಬ ಆಸೆಯಿಂದಲೋ, ಅದೂ ಗೊತ್ತಿಲ್ಲ. ಮಟಾಟುವಿನಲ್ಲಿ ಎತ್ತುವುದಿಲ್ಲವೆಂದು ನಿರ್ಧರಿಸಿದ್ದು ನಿಜ. ಅದಕ್ಕೆ ಒಂದು ಗಂಟೆ ಮುಂಚೆ ಐದು ಎಂದು ಬರೆದದ್ದೂ ನಿಜ. ಫ್ರೆಡ್ರಿಕ್ ಪುಸ್ತಕ ಕೇಳದೆ ಇದ್ದು, ಅಧ್ಯಕ್ಷರು ಎತ್ತಿ ಎಂದು ನನ್ನ ಕಡೆ ನೋಡಿ ನಕ್ಕಿದ್ದರೆ ನನ್ನ ಕೈ ಏನು ಮಾಡುತ್ತಿತ್ತು ಎಂಬುದು ನನಗೆ ಗೊತ್ತಿಲ್ಲ.